ಆ್ಯಪ್ ಇಲ್ಲದೆ, ಅರ್ಧ ಎಂಬಿಯಲ್ಲಿ: ಉಕ್ರೇನಿಯನ್ ಆಡಿಯೊ ಪಾಠ ಮಾಡಿದ ನನ್ನ ಅನುಭವ

ಖಾರ್ಕಿವ್‌ನಲ್ಲಿ ವೈದ್ಯಕೀಯ ಓದಿ ಈಗ ಪೋಲೆಂಡಿನಲ್ಲಿ ಮನೋವೈದ್ಯನಾಗಿರುವ ನಾನು, ಯುದ್ಧದ ಆತಂಕ ತಗ್ಗಿಸುವ ಉಚಿತ ಪಾಠಗಳನ್ನು ಉಕ್ರೇನಿಯನ್ ಭಾಷೆಯಲ್ಲಿ ಮಾಡುತ್ತೇನೆಂದಾಗ ಮೂಗು ಮುರಿದವರೇ ಹೆಚ್ಚು. ಎದುರಿಗೆ ಚಿಕಿತ್ಸಕರಿಲ್ಲದೆ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದರು. ಹಣ ಕೊಡುವ ಒಂದು ಸಂಸ್ಥೆಯಂತೂ ಆ್ಯಪ್ ಇಲ್ಲದಿದ್ದರೆ ಅರ್ಜಿಯನ್ನೇ ನೋಡುವುದಿಲ್ಲ ಎಂದಿತು. ಆ್ಯಪ್‌ಗೆ ಕೇಳಿದ ದರ ಸುಮಾರು 12 ಸಾವಿರ ಯೂರೊ. ನಮ್ಮ ಕೈಯಲ್ಲಿದ್ದದ್ದು ಹೆಚ್ಚೆಂದರೆ ಎರಡು ಸಾವಿರ.

ಆ್ಯಪ್ ಬಿಟ್ಟು ಟೆಲಿಗ್ರಾಮ್ ಹಿಡಿದೆವು. ಸುದ್ದಿಗೂ ಸೈರನ್ ಎಚ್ಚರಿಕೆಗೂ ಅಲ್ಲಿನ ಜನ ತೆರೆಯುವುದು ಅದನ್ನೇ. 2022ರ ಅಕ್ಟೋಬರ್‌ನಲ್ಲಿ ವಿದ್ಯುತ್ ಜಾಲದ ಮೇಲೆ ಸಾಲು ದಾಳಿಗಳು ಶುರುವಾದ ಮೇಲೆ, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಹೋಗುತ್ತಿತ್ತು. ನಮ್ಮ ವಿಡಿಯೊಗಳು ಕೊಳೆಯುತ್ತಾ ಬಿದ್ದಿದ್ದವು. ಅವನ್ನು ಕಿತ್ತುಹಾಕಿ, ಧ್ವನಿ ಕಡತವನ್ನು ಚಿಕ್ಕದಾಗಿಸುವ ಓಪಸ್‌ನಲ್ಲಿ 24 ಕೆಬಿಪಿಎಸ್ ಮೊನೊ ಮಾಡಿದೆವು: ಮೂರು ನಿಮಿಷಕ್ಕೆ ಅರ್ಧ ಎಂಬಿ ಚಿಲ್ಲರೆ. ಸಿಗ್ನಲ್ ಸಿಕ್ಕ ಗಳಿಗೆಯಲ್ಲಿ ಇಳಿಸಿಕೊಂಡರೆ ನೆಲಮಾಳಿಗೆಯಲ್ಲೂ ಕೇಳಬಹುದು.

ಸ್ಟುಡಿಯೊ ಧ್ವನಿಗೆ ಏಳೆಂಟು ನೂರು ಯೂರೊ ಹೋಯಿತು. ಓದಿದವರದ್ದು ಒಳ್ಳೆಯ ಕಂಠವೇ, ಆದರೆ ಸರ್ಕಾರಿ ಪ್ರಕಟಣೆಯ ಧಾಟಿ. ಜೊತೆಗೆ ಹಿನ್ನೆಲೆಯಲ್ಲಿ ಮಂದ್ರ ಸ್ಥಾಯಿಯ ಗುಂಯ್‌ಗುಡುವ ಸಂಗೀತ. ಖಾರ್ಕಿವ್‌ನಿಂದ ಕೇಳುಗರೊಬ್ಬರು ಬರೆದರು: ‘ಇದು ಮೊಪೆಡ್.’ ರಷ್ಯಾ ದಾಳಿಗೆ ಬಳಸುವ ಶಾಹೆದ್ ಡ್ರೋನ್‌ಗಳನ್ನು ಅಲ್ಲಿಯವರು ಕರೆಯುವುದೇ ಹಾಗೆ. ಅದರ ಎಂಜಿನ್ನಿನ ಸದ್ದು ಅಂಥದ್ದು. ಅಷ್ಟು ದುಡ್ಡೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆಮೇಲೆ ನಿರಾಶ್ರಿತರಾಗಿ ಬಂದಿದ್ದ ನರ್ಸ್ ಒಬ್ಬರು, ಕೋಟು ತುಂಬಿದ ಬೀರುವಿನೊಳಗೆ ತಲೆಯಿಟ್ಟು ತಮ್ಮ ಮೊಬೈಲಿನಲ್ಲೇ ಓದಿ ಕೊಟ್ಟರು. ಪಾಠಕ್ಕೆ 20 ಯೂರೊ. ಈಗಲೂ ಅವರದೇ ಧ್ವನಿ.

ಪಠ್ಯದಲ್ಲಿ ‘ಕಣ್ಣು ಮುಚ್ಚಿ’, ‘ನೀವು ಸುರಕ್ಷಿತರಾಗಿದ್ದೀರಿ’ ಎರಡೂ ನಿಷಿದ್ಧ. ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿ ಕಣ್ಣು ಮುಚ್ಚುವುದಿಲ್ಲ, ಎರಡನೆಯದು ಸುಳ್ಳು. ಸುತ್ತ ಕಾಣುವ, ಮುಟ್ಟುವ, ಕೇಳುವ ಸಂಗತಿಗಳನ್ನು ಎಣಿಸಿ ಆತಂಕ ತಗ್ಗಿಸುವ 5-4-3-2-1 ಅಭ್ಯಾಸದಲ್ಲಿ ಸದ್ದುಗಳನ್ನು ಎಣಿಸುವ ಹಂತವನ್ನೂ ತೆಗೆದು ಸ್ಪರ್ಶ ಹಾಕಿದೆವು: ಗೋಡೆಯ ತಣುಪು, ಕೋಟಿನ ಗುಂಡಿ, ಜೇಬಿನ ಬೀಗದ ಕೈ. ಇದಕ್ಕೆ ಮೊದಲು ಎರಡು ವಾಕ್ಯ ಹೇಳಿಸುತ್ತೇವೆ. ಅವು ಯಾವುವೆಂದು ಇಲ್ಲಿ ಬರೆಯುವುದಿಲ್ಲ. ಹೊಂದಿಸಲು ಒಂದು ಚಳಿಗಾಲವೇ ಹಿಡಿದಿದೆ. ಪ್ರತಿ ಪಾಠದ ಕೊನೆಗೆ ಆತ್ಮಹತ್ಯೆ ತಡೆಯುವ ಸಹಾಯವಾಣಿ ಲೈಫ್‌ಲೈನ್ ಉಕ್ರೇನ್‌ನ 7333 ಸಂಖ್ಯೆ ಇರುತ್ತದೆ. ಅದರಲ್ಲಿ ಮಾತ್ರ ರಾಜಿಯಿಲ್ಲ.

ನಡುವೆ ಒಂದು ಅಡ್ಡದಾರಿ. ಯುದ್ಧದಿಂದ ಕರ್ನಾಟಕಕ್ಕೆ ಮರಳಿದ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಇವನ್ನೇ ಕನ್ನಡದಲ್ಲಿ ಮಾಡಿ ಕಳಿಸಿದೆ. ಒಂದು ನಿಮಿಷ ದಾಟಿ ಕೇಳಿದವರು ಬೆರಳೆಣಿಕೆಯಷ್ಟು. ಅವರ ನಿದ್ದೆ ಕೆಡಿಸಿದ್ದು ಡಿಗ್ರಿ ಎಲ್ಲಿ ಮುಗಿಸುವುದೆಂಬ ಚಿಂತೆ. ಅದಕ್ಕೆ ನನ್ನ ಬಳಿ ಆಡಿಯೊ ಇರಲಿಲ್ಲ.

ಉಕ್ರೇನಿಯನ್ ಪಾಠಗಳನ್ನು ಇದುವರೆಗೆ ನಲವತ್ತು ಸಾವಿರ ಸಲವಾದರೂ ಕೇಳಿದ್ದಾರೆ, ಹೆಚ್ಚಿನವರು ನಡುರಾತ್ರಿಯ ಮೇಲೆ. ಒಟ್ಟು ಖರ್ಚು, ಆ ಸ್ಟುಡಿಯೊ ದಂಡವೂ ಸೇರಿ, 1,500 ಯೂರೊ ದಾಟಿಲ್ಲ. ಅರ್ಜಿ ನೋಡದ ಸಂಸ್ಥೆಯೇ ಮೊನ್ನೆ ಆಡಿಯೊ ಕಡತಗಳನ್ನು ಕೇಳಿತು. ಕೊಟ್ಟಿದ್ದೇನೆ, ತಮ್ಮ ಲೋಗೊ ಅಂಟಿಸಬಾರದೆಂಬ ಷರತ್ತಿನ ಮೇಲೆ.