ಬೆಳಗಿನ ಪ್ರಾರ್ಥನೆಯನ್ನು ರೂಢಿಸಿಕೊಳ್ಳುವ ಬಗೆ

ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಮೆಥೋಡಿಸ್ಟ್ ಎಂಬ ಕ್ರೈಸ್ತ ಸಭೆಗೆ ಸೇರಿದ ಅನೇಕ ಮನೆಗಳ ದಿನವು ರೊಟ್ಟಿ ಬಡಿಯುವ ಸದ್ದಿನೊಂದಿಗೇ ಆರಂಭವಾಗುವುದರಿಂದ, ಪ್ರಾರ್ಥನೆಗೆ ಹೊತ್ತು ಸಿಗುವುದಿಲ್ಲವೆಂಬ ಮಾತು ಸಹಜವಾಗಿಯೇ ಕೇಳಿಬರುತ್ತದೆ. ಆದುದರಿಂದ ಒಲೆ ಹೊತ್ತಿಸುವ ಮೊದಲಿನ ಹತ್ತು ನಿಮಿಷಗಳನ್ನು ಗೊತ್ತುಮಾಡಿಕೊಳ್ಳಿರಿ. ಯೇಸು ಇನ್ನೂ ಮೊಬ್ಬಿರುವಾಗಲೇ ಎದ್ದು ಏಕಾಂತ ಸ್ಥಳದಲ್ಲಿ ಪ್ರಾರ್ಥಿಸಿದನೆಂದು ಮಾರ್ಕನ ಸುವಾರ್ತೆಯ 1ನೆಯ ಅಧ್ಯಾಯ ಹೇಳುತ್ತದೆ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿರಿ.

ಮಾತು ಹೊಳೆಯದಿದ್ದರೆ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ 9ರಿಂದ 13ರವರೆಗಿನ ವಚನಗಳಲ್ಲಿರುವ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನೇ ಆಧಾರವಾಗಿಟ್ಟುಕೊಂಡು, ಒಂದೊಂದು ಬಿನ್ನಹದ ಬಳಿಯೂ ನಿಂತು ಮುಂದೆ ಸಾಗಿರಿ. ಅದರಲ್ಲಿ ದೇವರ ನಾಮ, ರಾಜ್ಯ, ಚಿತ್ತಗಳು ಮೊದಲು ಬರುತ್ತವೆ. ಆಹಾರದ ಮಾತು ಆಮೇಲೆ. ಆಹಾರದ ಬಿನ್ನಹಕ್ಕೆ ಬಂದಾಗ ಹೊಲದಲ್ಲಿ ಹೂಬಿಟ್ಟ ತೊಗರಿಯನ್ನೂ, ದುಡಿಯಲು ಹೈದರಾಬಾದಿಗೆ ಹೋದ ಮಗನನ್ನೂ ಹೆಸರು ಹಿಡಿದು ನೆನೆಯಬಹುದು. ಕ್ಷಮೆಯ ಬಿನ್ನಹವೇ ಎಲ್ಲಕ್ಕಿಂತ ಕಠಿಣ: ಬದುವಿನ ಜಗಳದಿಂದ ಮಾತು ಬಿಟ್ಟ ನೆರೆಯವನ ಮುಖವು ಕಣ್ಣ ಮುಂದೆ ಬಂದರೆ ಅವಸರದಿಂದ ದಾಟಿಹೋಗದೆ ಅಲ್ಲಿಯೇ ತಡೆದು ನಿಲ್ಲಿರಿ, ಏಕೆಂದರೆ ಆ ಪ್ರಾರ್ಥನೆಯನ್ನು ಕಲಿಸಿದ ಕೂಡಲೇ ಯೇಸು ಮತ್ತೆ ಎತ್ತಿಕೊಂಡ ವಿಷಯ ಇದೊಂದೇ.

ದುಃಖದಲ್ಲಿ ಸ್ವಂತ ಮಾತು ಬತ್ತಿದಾಗ ಬೈಬಲಿನ 150 ಕೀರ್ತನೆಗಳು ನೆರವಿಗಿವೆ. 13ನೆಯದು ಬಹಳ ಚಿಕ್ಕದು, ದೂರಿನಿಂದ ಆರಂಭವಾಗಿ ಹಾಡಿನಲ್ಲಿ ಮುಗಿಯುತ್ತದೆ. ದೊಡ್ಡ ದನಿಯಾಗಲಿ ಉದ್ದುದ್ದ ಮಾತಾಗಲಿ ಅಗತ್ಯವಿಲ್ಲ. ಜೊತೆಗೆ ಕುಳಿತ ಮಕ್ಕಳು ತೂಕಡಿಸಿದರೆ ಗದರಬೇಡಿರಿ (ಹಿರಿಯರೂ ತೂಕಡಿಸುವುದುಂಟು). ಒಂದು ವಚನವನ್ನು ಅವರಿಂದಲೇ ಓದಿಸಿರಿ. ಒಂದು ದಿನ ತಪ್ಪಿದರೆ ಮರುದಿನ ಇಮ್ಮಡಿ ಹೊತ್ತು ಕೂರದೆ, ಅದೇ ಹತ್ತು ನಿಮಿಷಗಳಿಗೆ ಮರಳಿರಿ.