ಕ್ಯಾಟ್ ಬದಲಿಸುವ ಮುಂಚೆ ಗೇಜ್ ಹಾಕಿ ನೋಡಿ

ಬಳ್ಳಾರಿಯಲ್ಲಿ ಹೊಸಪೇಟೆ ರಸ್ತೆ ಕಡೆ ನನ್ನ ಗ್ಯಾರೇಜು. ಗಾಡಿ ಮಾಡಿಫೈ ಮಾಡಿಸುವ ಹುಡುಗರದ್ದು ಒಂದೇ ಪ್ರಶ್ನೆ: "ಅಣ್ಣಾ, ಹೈ ಫ್ಲೋ ಕ್ಯಾಟ್ ಹಾಕಿದ್ರೆ ಪಿಕಪ್ ಬರ್ತದಾ?" ಕ್ಯಾಟ್ ಅಂದರೆ ಹೊಗೆ ಪೈಪಿನಲ್ಲಿ ಕೂತು ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್; ಹೈ ಫ್ಲೋ ಅಂದರೆ ಹೊಗೆಯನ್ನು ಸಲೀಸಾಗಿ ಬಿಡುವಂಥದ್ದು. ಟರ್ಬೊ ಗಾಡಿಗೆ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಬರುವ ಪೈಪ್), ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಜೊತೆ ಹಾಕಿದರೆ ಬರುತ್ತದೆ. ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಗಾಡಿಗೆ ಕ್ಯಾಟ್ ಒಂದನ್ನೇ ಬದಲಿಸಿದರೆ ಸದ್ದು ಬದಲಾಗಬಹುದು, ಪಿಕಪ್ ಅಂತೂ ನಿಮಗೆ ಗೊತ್ತಾಗುವಷ್ಟು ಬರಲ್ಲ.

ಕ್ಯಾಟ್ ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು. ಕಂಪನಿ ಕ್ಯಾಟ್‌ನಲ್ಲಿ ಚದರ ಇಂಚಿಗೆ ಸಾಮಾನ್ಯವಾಗಿ 400 ಅಥವಾ 600, ಹೈ ಫ್ಲೋದಲ್ಲಿ ಹೆಚ್ಚಾಗಿ 200. ತೂತು ದೊಡ್ಡದಾದರೆ ಹೊಗೆ ಸಲೀಸಾಗಿ ಹೋಗುತ್ತದೆ, ಟರ್ಬೊ ಬೇಗ ತಿರುಗುತ್ತದೆ. ಆದರೆ ಹೊಗೆ ಶುದ್ಧ ಮಾಡುವ ಲೋಹಗಳಾದ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಹಚ್ಚೋಕೆ ಜಾಗ ಕಡಿಮೆ. ಅಗ್ಗದ ಮಾಲಿನಲ್ಲಿ ಆ ಲೋಹ ಹಚ್ಚೋದರಲ್ಲೂ ಜಿಪುಣತನ.

ಪಿಕಪ್ ಸತ್ತಿದ್ದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯಾದರೆ ಅದಿರಿನ ಕೆಂಪು ಧೂಳು ಮಡಿಕೆ ಮಡಿಕೆಯಲ್ಲೂ ಕೂತಿರುತ್ತದೆ. ಎಷ್ಟೋ ಸಲ ರೋಗ ಅಲ್ಲೇ ಇರುತ್ತದೆ, ಬೈಗುಳ ಮಾತ್ರ ಕ್ಯಾಟ್‌ಗೆ.

ಫಿಲ್ಟರ್ ಸರಿ ಇದ್ದರೆ, ಹೊಗೆ ಎಲ್ಲಾದರೂ ಕಟ್ಟಿಕೊಂಡಿದೆಯಾ ನೋಡೋಕೆ ಒತ್ತಡ ಅಳೆಯುವ ಗೇಜ್ ಹಾಕಿ. ಎಂಜಿನ್‌ಗೂ ಕ್ಯಾಟ್‌ಗೂ ನಡುವೆ ಇರುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಬೇಕು. ಎಂಜಿನ್ ಉಗುರುಬೆಚ್ಚಗಿದ್ದಾಗ, ವೈರ್ ಹೊರಗೆ ಬರಲು ಪಕ್ಕದಲ್ಲಿ ಸೀಳು ಇರುವ ಸಾಕೆಟ್‌ನಲ್ಲೇ ಬಿಚ್ಚಿ. ಸುಮ್ನೆ ಪಾನಾ ಹಾಕಿ ತಿರುಪಿದರೆ ಥ್ರೆಡ್ ಹೋಗುತ್ತದೆ. ಆ ತೂತಿಗೆ ಅಡಾಪ್ಟರ್ ಹಾಕಿ, ಕಡಿಮೆ ಒತ್ತಡ ತೋರಿಸುವ ಗೇಜ್ ಜೋಡಿಸಿ. ಟೈರ್ ಗೇಜ್ ನಡೆಯಲ್ಲ. ಹೊಗೆ ಬಿಸಿಗೆ ರಬ್ಬರ್ ಕರಗುತ್ತದೆ, ಅದಕ್ಕೆ ನಡುವೆ ಒಂದಷ್ಟು ತಾಮ್ರದ ಪೈಪ್ ಇರಲಿ. ಎಂಜಿನ್ ಕಾಯಿಸಿ ನೋಡಿ: ಐಡಲ್‌ನಲ್ಲಿ ಸುಮಾರು 1.25 ಪಿಎಸ್‌ಐ ಒಳಗೆ, 2500 ಆರ್‌ಪಿಎಂನಲ್ಲಿ 3ರ ಒಳಗೆ ಇದ್ದರೆ ನಿಮ್ಮ ಕ್ಯಾಟ್ ಕಟ್ಟಿಲ್ಲ. ದುಡ್ಡು ಜೇಬಲ್ಲೇ ಇರಲಿ. ಸೆನ್ಸರ್ ಬಿಚ್ಚಿ ಓಡಿಸಿದ್ದಕ್ಕೆ ಚೆಕ್ ಎಂಜಿನ್ ಲೈಟ್ ಹತ್ತುತ್ತದೆ, ಆಮೇಲೆ ಸ್ಕ್ಯಾನರ್‌ನಲ್ಲಿ ಅಳಿಸಿ.

ಮುಳ್ಳು ಅದಕ್ಕಿಂತ ಮೇಲೆ ಏರಿದರೆ ಎಲ್ಲೋ ಕಟ್ಟಿದೆ. ಕ್ಯಾಟ್ ಮೇಲೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಲಗಲ ಅಂದರೆ ಒಳಗೆ ಒಡೆದಿರಬಹುದು. ಸದ್ದಿಲ್ಲ ಅಂದರೆ ಹಿಂದಿನ ಸೈಲೆನ್ಸರನ್ನೂ ನೋಡಿ. ಕ್ಯಾಟೇ ಹೋಗಿದ್ದರೆ ಕಾರಣ ಹುಡುಕದೆ ಹೊಸದು ಹಾಕಬೇಡಿ. ಸ್ಪಾರ್ಕ್ ಪ್ಲಗ್, ಕಾಯಿಲ್ ಕೆಟ್ಟು ಮಿಸ್‌ಫೈರ್ ಆದರೆ ಸುಡದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಉರಿಯುತ್ತದೆ, ಜಾಲಿ ಕರಗುತ್ತದೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೂ ಕ್ಯಾಟ್ ಉಳಿಯಲ್ಲ.

ಹೊಸದನ್ನು ಹಳೆಯದರ ಜಾಗದಲ್ಲೇ ಕೂರಿಸಿ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗದೆ ಅದು ಕೆಲಸ ಶುರು ಮಾಡಲ್ಲ, ದೂರ ಇಟ್ಟಷ್ಟೂ ತಡ. ವೆಲ್ಡಿಂಗ್ ಆದಮೇಲೆ ಪ್ರತಿ ಜೋಡಣೆಗೂ ಸೋಪು ನೀರು ಹಚ್ಚಿ, ಬಿಸಿಯಾಗುವ ಮುಂಚೆಯೇ ಗುಳ್ಳೆ ನೋಡಿ. ಕ್ಯಾಟ್‌ಗಿಂತ ಮುಂಚೆ ಇರುವ ಸೆನ್ಸರ್ ಹತ್ತಿರ ಸಣ್ಣ ಲೀಕ್ ಇದ್ದರೂ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಪೆಟ್ರೋಲ್ ಕಡಿಮೆಯಾಯ್ತು ಅಂದುಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಜಾಸ್ತಿ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ.

ಆಮೇಲೂ ಲೈಟ್ ಹತ್ತಿ ಪಿ0420 ಕೋಡ್ ಬಂದರೆ, ಕ್ಯಾಟ್ ಸಾಲುತ್ತಿಲ್ಲ ಎಂದು ಕ್ಯಾಟ್ ಆದಮೇಲೆ ಇರುವ ಇನ್ನೊಂದು ಸೆನ್ಸರ್ ಹೇಳುತ್ತಿರಬಹುದು. ಸೆನ್ಸರನ್ನು ಹೊಗೆಯಿಂದ ಸ್ವಲ್ಪ ದೂರ ಎತ್ತಿ ಇಡುವ ಸ್ಪೇಸರ್ ಹಾಕಿ ಅದರ ಬಾಯಿ ಮುಚ್ಚಿಸು ಅಂತ ಕೇಳುವವರಿದ್ದಾರೆ, ನಾನು ಮಾಡಲ್ಲ. ಕ್ಯಾಟ್ ಕಿತ್ತು ಬರೀ ಪೈಪ್ ಹಾಕೋದು ಕೂಡ ಬೇಡ. ಹೊಗೆ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಇದೆ.

ಬಿಚ್ಚಿದ ಹಳೇ ಕ್ಯಾಟನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಕೇಳಿ ತಗೊಳ್ಳಿ. ಒಳಗಿನ ಲೋಹಕ್ಕೆ ಗುಜರಿಯವರು ಒಳ್ಳೆ ರೇಟ್ ಕೊಡುತ್ತಾರೆ. ಚೆನ್ನಾಗಿದ್ದರೆ ಮಾರಲೇಬೇಡಿ, ಗಾಡಿ ಮಾರುವಾಗ ವಾಪಸ್ ಹಾಕಿಸಬಹುದು.