‘ಆಗಿಬಿಟ್ಟರೆ?’ಗೆ ದಿನಕ್ಕೆ ಅರ್ಧ ಗಂಟೆ

ವರ್ಷಗಟ್ಟಲೆ ಯೋಚನೆಯಲ್ಲೇ ಸವೆದವರು ನನ್ನಂಥ ಮನಶ್ಶಾಸ್ತ್ರಜ್ಞರ ಹತ್ತಿರ ನೇರವಾಗಿ ಬರುವುದು ಕಡಿಮೆ. ಹೃದಯದ ಡಾಕ್ಟರು, ಹೊಟ್ಟೆಯ ಡಾಕ್ಟರು, ಎರಡು ಇಸಿಜಿ, ಒಂದು ಎಂಡೋಸ್ಕೋಪಿ ಎಲ್ಲ ಮುಗಿಸಿ, ದಪ್ಪ ಫೈಲು ಹಿಡಿದು ಬರುತ್ತಾರೆ. ಆ ಫೈಲನ್ನು ನಾನು ಪಕ್ಕಕ್ಕಿಡುವುದಿಲ್ಲ, ಮೊದಲು ಅದನ್ನೇ ಓದುತ್ತೇನೆ. ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದಾರಾ, ಹಿಮೋಗ್ಲೋಬಿನ್ ಎಷ್ಟಿದೆ? ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ನೋಡಲು ಥೇಟ್ ಆತಂಕವೇ. ಅದಕ್ಕೆ ಮಾತಿನ ಚಿಕಿತ್ಸೆ ಕೊಡುತ್ತ ಕೂತರೆ ಇಬ್ಬರ ಸಮಯವೂ ದಂಡ. ಆಮೇಲೆ ಕಾಫಿಯ ಲೆಕ್ಕ. ‘ಎರಡೇ ಲೋಟ’ ಅನ್ನುವವರನ್ನು ಬೆಳಗಿನಿಂದ ಗಂಟೆಗಂಟೆಯ ಲೆಕ್ಕ ಕೇಳಿದರೆ ಆಫೀಸಿನ ಬೈಟೂ ಎಲ್ಲ ಸೇರಿ ಐದಾರಕ್ಕೆ ಹೋಗುತ್ತದೆ. ಒಂದೇ ಸಲ ಬಿಟ್ಟರೆ ತಲೆನೋವು ಬರುತ್ತದೆ. ಎರಡು ಮೂರು ದಿನಕ್ಕೊಂದು ಲೋಟ ಕಡಿಮೆ ಮಾಡುತ್ತ ಬಂದರೆ ಸಾಕು, ಮಧ್ಯಾಹ್ನದ ಮೇಲೆ ಪೂರ್ತಿ ಬೇಡ.

ಅಳತೆಗೆ ಜಿಎಡಿ-7 ಎಂಬ ಆತಂಕದ ಪ್ರಶ್ನಾವಳಿ ಬಳಸುತ್ತೇನೆ. ಕಳೆದ ಎರಡು ವಾರದ ಬಗ್ಗೆ ಏಳು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 21. ಐದರಿಂದ ಸೌಮ್ಯ, ಹತ್ತರಿಂದ ಮಧ್ಯಮ, ಹದಿನೈದರಿಂದ ತೀವ್ರ. ಅಂಕವೇ ರೋಗನಿರ್ಣಯವಲ್ಲ. ಕನಿಷ್ಠ ಆರು ತಿಂಗಳಿಂದ, ಹೆಚ್ಚಿನ ದಿನಗಳಲ್ಲಿ, ಒಂದಲ್ಲ ಹತ್ತು ವಿಷಯದ ಮೇಲೆ ಚಿಂತೆ ಹರಿದಾಡುತ್ತಿದೆಯೇ ಎಂದು ಕೇಳಲೇಬೇಕು. ಜೊತೆಗೆ ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯನ್ನೂ ತುಂಬಿಸುತ್ತೇನೆ, ಮುಖ್ಯವಾಗಿ ಅದರ ಒಂಬತ್ತನೆಯ ಪ್ರಶ್ನೆಗಾಗಿ. ಸಾಯುವ ಯೋಚನೆ ಇದೆಯೇ ಎಂಬುದನ್ನು ಕೇಳದೆ ನೋಟ್‌ಬುಕ್ಕು, ಅಭ್ಯಾಸ ಅಂತ ಶುರುಮಾಡುವುದು ತಪ್ಪು.

ಇನ್ನು ಅಸಲು ಕೆಲಸ. ಬಂದವರ ಮಾತನ್ನು ಕಿವಿಗೊಟ್ಟು ಕೇಳಿದರೆ ಚಿಂತೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಹೋಗಿ ನಿಲ್ಲುತ್ತವೆ. ಕೆಲಸ ಹೋಗಿಬಿಟ್ಟರೆ... ಅಪ್ಪನಿಗೆ ಏನಾದರೂ ಆಗಿಬಿಟ್ಟರೆ... ಮೀಟಿಂಗ್‌ನಲ್ಲಿ ನಾಲಿಗೆ ತಡವರಿಸಿಬಿಟ್ಟರೆ... ವಾಕ್ಯ ಅಲ್ಲಿಗೇ ನಿಂತು ಮತ್ತೆ ಮೊದಲಿಂದ ಶುರುವಾಗುತ್ತದೆ. ಮುಂದಿನ ಕ್ರಿಯಾಪದ ಬರುವುದೇ ಇಲ್ಲ. ಆ ಅರ್ಧ ವಾಕ್ಯವನ್ನು ಪೂರ್ತಿ ಮಾಡಿಸುವುದೇ ನನ್ನ ಕೆಲಸದ ಮುಕ್ಕಾಲು ಪಾಲು. ಕಾಗದದ ಮೇಲೆ ಹೀಗೆ ಇಳಿಯುತ್ತದೆ:

ಕೆಲಸ ಹೋಗಿಬಿಟ್ಟರೆ? — ಇಎಂಐ ಕಟ್ಟೋಕಾಗಲ್ಲ.
ಎಷ್ಟು ತಿಂಗಳಾದ ಮೇಲೆ? — ಉಳಿತಾಯದಲ್ಲಿ ನಾಲ್ಕು ತಿಂಗಳು ನಡೆಯುತ್ತೆ.
ಆ ನಾಲ್ಕು ತಿಂಗಳು ಏನು ಮಾಡ್ತೀರಿ? — ಬೇರೆ ಕಡೆ ಹುಡುಕ್ತೀನಿ.
ಇವತ್ತು ಅದಕ್ಕೇನಾದ್ರೂ ಮಾಡಬಹುದಾ? — ರೆಸ್ಯೂಮೆ ಹಳೇದಾಗಿದೆ.

ಇಲ್ಲಿ ಚಿಂತೆ ಎರಡಾಗಿ ಸೀಳುತ್ತದೆ. ರೆಸ್ಯೂಮೆ ಇವತ್ತಿನ ಕೆಲಸ, ಹದಿನೈದು ನಿಮಿಷದಲ್ಲಿ ಶುರುಮಾಡಬಹುದಾದ ಒಂದು ಹೆಜ್ಜೆಯಾಗಿ ಅದು ಪಟ್ಟಿಗೆ ಹೋಗುತ್ತದೆ. ‘ಕಂಪನಿ ಮುಂದಿನ ವರ್ಷ ಏನು ಮಾಡುತ್ತದೋ’ ಎಂಬುದಕ್ಕೆ ಇವತ್ತು ಯಾರ ಹತ್ತಿರವೂ ಉತ್ತರವಿಲ್ಲ. ಅದಕ್ಕೆ ಬೇರೆ ಜಾಗ ಕೊಡಬೇಕು.

ಆ ಜಾಗವೇ ‘ಚಿಂತೆಯ ಹೊತ್ತು’. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಬರೆದ ವಿಧಾನ, ಇಂದಿಗೂ ಇಷ್ಟು ಅಗ್ಗದ, ಇಷ್ಟು ಸರಳವಾದ ಇನ್ನೊಂದನ್ನು ನಾನು ಕಂಡಿಲ್ಲ. ದಿನಾ ಒಂದೇ ಹೊತ್ತು, ಒಂದೇ ಜಾಗ, ಮೂವತ್ತು ನಿಮಿಷ. ಸಂಜೆ ಆರೂವರೆಯಿಂದ ಏಳು ಅನೇಕರಿಗೆ ಹೊಂದುತ್ತದೆ. ಹಾಸಿಗೆ ಬೇಡ, ಟಿವಿ ಮುಂದಿನ ಸೋಫಾ ಬೇಡ, ಅಡುಗೆಮನೆಯ ಸ್ಟೂಲಾದರೂ ಪರವಾಗಿಲ್ಲ. ಬೇರೆ ಹೊತ್ತಿನಲ್ಲಿ ‘ಬಿಟ್ಟರೆ’ ಬಂದರೆ ಜೇಬಿನ ಚೀಟಿಯಲ್ಲಿ ನಾಲ್ಕು ಪದದಲ್ಲಿ ಬರೆದು, ‘ಆರೂವರೆಗೆ’ ಅಂದುಕೊಂಡು ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ಆರೂವರೆಗೆ ಚೀಟಿ ತೆಗೆದು ಒಂದೊಂದನ್ನೇ ಮೇಲಿನ ರೀತಿ ಕೊನೆಮುಟ್ಟಿಸುವುದು. ಅಲಾರಂ ಹೊಡೆದ ಕೂಡಲೇ ಎದ್ದು ಏನಾದರೂ ಕೈಕೆಲಸಕ್ಕೆ ಹೋಗುವುದು: ಪಾತ್ರೆ, ಗಿಡಕ್ಕೆ ನೀರು, ಮೂಲೆ ಅಂಗಡಿಯಿಂದ ಹಾಲು.

ಕೆಡುವುದು ಎಲ್ಲಿ ಗೊತ್ತೇ? ‘ಯೋಚನೆ ಮಾಡಬಾರದು’ ಎಂದು ಕೇಳಿಸಿಕೊಂಡವರಲ್ಲಿ. ಯೋಚನೆಯನ್ನು ಒತ್ತಿಹಿಡಿಯಲು ಹೋದರೆ ಅದು ಇನ್ನಷ್ಟು ಪುಟಿಯುತ್ತದೆ. ಇಲ್ಲಿ ತಡೆಯುವುದಿಲ್ಲ, ಮುಂದಕ್ಕೆ ಹಾಕುತ್ತೇವೆ, ಅಷ್ಟೇ. ಎರಡನೆಯದು, ರಾತ್ರಿ ಹತ್ತಕ್ಕೆ ಇಟ್ಟುಕೊಳ್ಳುವುದು. ಹಾಸಿಗೆ, ಕತ್ತಲೆ, ಚಿಂತೆ ಮೂರೂ ಒಂದಕ್ಕೊಂದು ಅಂಟಿಕೊಂಡು ನಿದ್ದೆ ಹಾಳಾಗುತ್ತದೆ. ಮೂರನೆಯದು ಫೋನಿನಲ್ಲಿ ಬರೆಯುವುದು. ಬರೆಯಲು ತೆರೆದ ಫೋನು ಎರಡೇ ನಿಮಿಷದಲ್ಲಿ ಗೂಗಲ್‌ಗೆ ಹೋಗಿ ‘ಎಡಗೈ ಜುಮ್ ಎನ್ನಲು ಕಾರಣ’ ಹುಡುಕುತ್ತಿರುತ್ತದೆ. ಇನ್ನು ಕೆಲವರು ಮೊದಲ ವಾರವೇ ‘ಚೀಟಿ ನೋಡಿದರೆ ಅರ್ಧಕ್ಕರ್ಧ ಚಿಂತೆ ನೆನಪೇ ಇಲ್ಲ, ನಾನು ಸರಿಯಾಗಿ ಮಾಡುತ್ತಿಲ್ಲವೇನೋ’ ಎಂದು ಅದರ ಮೇಲೂ ಚಿಂತೆ ಮಾಡುತ್ತಾರೆ. ಆರಿಹೋಗಿದ್ದರೆ ಒಳ್ಳೆಯದೇ, ಗೆರೆ ಎಳೆದು ಬಿಡಿ ಎನ್ನುತ್ತೇನೆ. ಹಿಡಿತ ಸಿಗಲು ಎರಡರಿಂದ ನಾಲ್ಕು ವಾರ ಬೇಕು. ಮೂರು ದಿನಕ್ಕೇ ಬಿಟ್ಟವರಿಗೆ ಇದು ಕೆಲಸ ಮಾಡಲಿಲ್ಲ ಎನ್ನಲು ಬರುವುದಿಲ್ಲ.

ಮೂರನೇ ಭೇಟಿಯಿಂದ ಚೀಟಿಯ ಜೊತೆ ಒಂದು ಪಟ್ಟಿ ಸೇರುತ್ತದೆ: ದಿನಾಂಕ, ಏನಾಗುತ್ತದೆ ಅಂದುಕೊಂಡಿರಿ, ನೂರಕ್ಕೆ ಎಷ್ಟು ಖಾತ್ರಿ, ನಿಜವಾಗಿ ಏನಾಯಿತು. ಕೊನೆಯ ಕಾಲಮ್ಮನ್ನು ಭಾನುವಾರ ತುಂಬುವುದು. ಪೆನ್ಸಿಲ್ವೇನಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ 29 ಜನರ ಚಿಂತೆಗಳನ್ನು ಹೀಗೆಯೇ ಬರೆಸಿ ನೋಡಿತು. ನೂರಕ್ಕೆ 91ರಷ್ಟು ನಿಜವಾಗಲಿಲ್ಲ. ಇದನ್ನು ಬಂದವರಿಗೆ ಮೊದಲೇ ಹೇಳುವುದಿಲ್ಲ. ಹೇಳಿದರೆ ‘ನಾನು ಆ ಒಂಬತ್ತರಲ್ಲಿದ್ದರೆ?’ ಎಂಬ ಪ್ರಶ್ನೆ ತಯಾರಿರುತ್ತದೆ. ಅವರ ಕೈಬರಹದಲ್ಲೇ ನಾಲ್ಕು ಭಾನುವಾರ ‘ಏನೂ ಆಗಲಿಲ್ಲ’ ಎಂದು ಬಿದ್ದಿರುವುದಕ್ಕೆ ಇರುವ ತೂಕ ಯಾವ ಅಂಕಿಗೂ ಇಲ್ಲ. ‘ಆಯಿತು, ಆದರೆ ನಿಭಾಯಿಸಿದೆ’ ಎಂಬ ಸಾಲುಗಳಿಗೆ ಅದಕ್ಕಿಂತ ಹೆಚ್ಚು ತೂಕ.

ಚಿಕಿತ್ಸೆಯನ್ನು ಸದ್ದಿಲ್ಲದೆ ಕೆಡಿಸುವುದು ಮಾತ್ರ ಸಮಾಧಾನ ಕೇಳುವ ಚಾಳಿ. ಮೈಸೂರಿನಲ್ಲಿರುವ ಅಮ್ಮನ ವಾಟ್ಸಾಪ್ ‘ಲಾಸ್ಟ್ ಸೀನ್’ ಅನ್ನು ನ್ಯೂಜೆರ್ಸಿಯಲ್ಲಿ ಕೂತು ದಿನಕ್ಕೆ ಮೂವತ್ತು ಸಲ ನೋಡುವುದು, ಗಂಡನನ್ನು ‘ಏನೂ ಆಗಲ್ಲ ಅಲ್ವಾ?’ ಎಂದು ಹತ್ತು ಸಲ ಕೇಳುವುದು, ಒಬ್ಬ ಜ್ಯೋತಿಷಿ ಹೇಳಿದ್ದನ್ನು ಇನ್ನಿಬ್ಬರ ಹತ್ತಿರ ಖಚಿತ ಮಾಡಿಕೊಳ್ಳುವುದು. ಪ್ರತಿ ಸಲವೂ ಐದು ನಿಮಿಷ ಹಾಯೆನಿಸುತ್ತದೆ, ಹಾಗಾಗಿಯೇ ಚಟವಾಗುತ್ತದೆ. ಹರಕೆಗೆ, ಪೂಜೆಗೆ ನನ್ನ ತಕರಾರಿಲ್ಲ. ಮೂರನೆಯ ಜ್ಯೋತಿಷಿಗೆ ಇದೆ. ಒಮ್ಮೆಗೇ ನಿಲ್ಲಿಸಿ ಎಂದರೆ ಯಾರಿಂದಲೂ ಆಗದು, ಮೆಟ್ಟಿಲು ಮಾಡಿಕೊಳ್ಳಬೇಕು. ಮೂವತ್ತು ಸಲ ನೋಡುವವರು ಮೊದಲ ವಾರ ಗಂಟೆಗೊಂದು, ಎರಡನೇ ವಾರ ಮೂರು ಗಂಟೆಗೊಂದು, ಆಮೇಲೆ ಬೆಳಿಗ್ಗೆ ಸಂಜೆ. ನಡುವೆ ಏಳುವ ಚಡಪಡಿಕೆಗೆ ಹತ್ತಕ್ಕೆ ಎಷ್ಟು ಎಂದು ಅಂಕ ಕೊಡುತ್ತ ಕೂರುವುದು. ಎಂಟಿದ್ದದ್ದು ತಾನಾಗಿ ನಾಲ್ಕಕ್ಕೆ ಇಳಿಯುವುದನ್ನು ಒಮ್ಮೆ ಕಣ್ಣಾರೆ ಕಂಡವರು ಮುಂದಿನ ಮೆಟ್ಟಿಲು ಹತ್ತುತ್ತಾರೆ.

ಹಾಗಾಗಿ ಮನೆಯವರನ್ನು ಒಂದು ಭೇಟಿಗಾದರೂ ಕರೆಸುತ್ತೇನೆ. ‘ಸುಮ್ನೆ ಯೋಚನೆ ಮಾಡಬೇಡ ಕಣೇ’ ಎನ್ನುವುದೂ ಬೇಡ, ಹನ್ನೊಂದನೇ ಸಲ ‘ಏನೂ ಆಗಲ್ಲ ಬಿಡು’ ಎನ್ನುವುದೂ ಬೇಡ. ‘ಇದು ಆರೂವರೆಯ ಚೀಟಿಗೆ ಹೋಗಲಿ, ಈಗ ಬಾ, ಸೊಪ್ಪು ಬಿಡಿಸೋಣ’ ಎಂದರೆ ಸಾಕು. ಇದನ್ನು ಮೊದಲೇ ಒಪ್ಪಿಕೊಂಡಿರಬೇಕು. ಇಲ್ಲದಿದ್ದರೆ ಕೇಳಿದವರಿಗೆ ಅದು ತಾತ್ಸಾರ ಅನ್ನಿಸುತ್ತದೆ.

ಉಸಿರಾಟದ ಅಭ್ಯಾಸಕ್ಕೆ ಜನ ಕೊಡುವಷ್ಟು ಮಹತ್ವ ನಾನು ಕೊಡುವುದಿಲ್ಲ. ನಾಲ್ಕು ಎಣಿಸಿ ಒಳಕ್ಕೆ, ಆರು ಎಣಿಸಿ ಹೊರಕ್ಕೆ, ಐದು ನಿಮಿಷ, ದಿನಕ್ಕೆ ಎರಡು ಸಲ, ಅದೂ ಮನಸ್ಸು ತಿಳಿಯಾಗಿದ್ದಾಗ. ಗಾಬರಿ ಬಂದಾಗಲೆಲ್ಲ ಅದನ್ನೇ ಹಿಡಿದುಕೊಂಡರೆ ಅದೂ ಇನ್ನೊಂದು ‘ಲಾಸ್ಟ್ ಸೀನ್’ ಆಗುತ್ತದೆ. ಎದೆಬಡಿತಕ್ಕೆ ಹೆದರುವವರು ಕಪಾಲಭಾತಿಯಂಥ ವೇಗದ ಉಸಿರಾಟ ಶುರುವಿನಲ್ಲಿ ಮಾಡದಿರುವುದೇ ವಾಸಿ.

ಅಂಕ ಹದಿನೈದು ದಾಟಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮನೋವೈದ್ಯರಿಗೆ ಪತ್ರ ಬರೆದುಕೊಡುತ್ತೇನೆ. ಆತಂಕಕ್ಕೆ, ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳ ಫಲ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿ ಚಡಪಡಿಕೆ ಇನ್ನೂ ಹೆಚ್ಚಾಗಬಹುದು. ಮುಂಚೆಯೇ ಹೇಳಿಡದಿದ್ದರೆ ನಾಲ್ಕನೇ ದಿನಕ್ಕೆ ಮಾತ್ರೆ ನಿಂತಿರುತ್ತದೆ. ಹೆಚ್ಚು ತೊಂದರೆಯಾಗುವುದು ಆಲ್ಪ್ರಜೋಲಂ ಎಂಬ, ಬೇಗನೆ ಶಮನ ಕೊಡುವ ಮಾತ್ರೆಯಿಂದ. ಯಾರೋ ಯಾವತ್ತೋ ಬರೆದ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ವರ್ಷಗಟ್ಟಲೆ ಕೊಳ್ಳುತ್ತಿರುವವರಿದ್ದಾರೆ. ಅದು ಅಭ್ಯಾಸವಾಗುತ್ತದೆ ನಿಜ. ಆದರೆ ಹಟದಿಂದ ಒಂದೇ ದಿನ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಉಂಟು, ವೈದ್ಯರ ಕೈಕೆಳಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಹತ್ತಿರದಲ್ಲಿ ಯಾರೂ ಇಲ್ಲದ ಊರಿನವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ: 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಪಿಎಚ್‌ಕ್ಯೂ ಒಂಬತ್ತನೆಯ ಪ್ರಶ್ನೆಗೆ ‘ಹೌದು’ ಎಂದವರ ಫೋನಿನಲ್ಲಿ ಆ ನಂಬರನ್ನು ನನ್ನೆದುರೇ ಸೇವ್ ಮಾಡಿಸುತ್ತೇನೆ.

ಒಟ್ಟು ಹನ್ನೆರಡರಿಂದ ಹದಿನಾರು ಭೇಟಿ, ತಲಾ ಐವತ್ತು ನಿಮಿಷ. ಮೊದಲು ವಾರಕ್ಕೊಂದು, ಕೊನೆಯ ಎರಡು ಮೂರು ಭೇಟಿ ಮಾತ್ರ ತಿಂಗಳಿಗೊಂದು. ಅಂಕ ಸೊನ್ನೆಯಾಗಲಿ ಎಂದು ಕಾಯುವುದಿಲ್ಲ, ಐದರ ಆಸುಪಾಸಿಗೆ ಬಂದು ನಿಂತರೆ ಭೇಟಿಗಳ ನಡುವಿನ ಅಂತರ ಹೆಚ್ಚಿಸುತ್ತೇನೆ. ಆ ತಿಂಗಳ ಅಂತರದಲ್ಲಿ ಮಗನ ಪರೀಕ್ಷೆಯೋ ಅಪ್ರೈಸಲ್ಲೋ ಬಂದು ಅಂಕ ಮತ್ತೆ ಒಂಬತ್ತಕ್ಕೆ ಏರುವುದು ಮಾಮೂಲು. ಅಂಥ ವಾರದಲ್ಲಿ ನನಗೆ ಫೋನ್ ಮಾಡುವ ಮೊದಲು ಚೀಟಿ, ಪೆನ್ನು ತೆಗೆದುಕೊಂಡು ಆರೂವರೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿರಾ ಎಂದಷ್ಟೇ ಮುಂದಿನ ಭೇಟಿಯಲ್ಲಿ ಕೇಳುತ್ತೇನೆ.